ಕೋಟೆ ಬಿದ್ದ ಮೇಲೆ ನಡೆದ ಪಾಲು: ಕರ್ನಾಟಕದ ಗೆರೆಗಳು ಎಲ್ಲಿಂದ ಬಂದವು?

ಹಿಂದೆ ಊರಿನ ಜಮೀನಿನ ಲೆಕ್ಕ ಬರೆಯುವವನನ್ನು ಏನಂತ ಕರೆಯುತ್ತಿದ್ದರು? ಹಳೇ ಮೈಸೂರಿನವರು ಶಾನುಭೋಗ ಅಂತಾರೆ. ಧಾರವಾಡದ ಕಡೆಯವರು ಕುಲಕರ್ಣಿ ಅಂತಾರೆ. ಬಳ್ಳಾರಿಯಲ್ಲಿ ಕರಣಂ, ಕಲಬುರಗಿಯಲ್ಲಿ ಪಟವಾರಿ. ತಾಲ್ಲೂಕಿನ ಸಾಹೇಬರದ್ದೂ ಇದೇ ಕಥೆ. ಮೈಸೂರಲ್ಲಿ ಅಮಲ್ದಾರ, ಧಾರವಾಡದಲ್ಲಿ ಮಾಮಲೇದಾರ, ಮಂಗಳೂರಲ್ಲಿ ತಹಸೀಲ್ದಾರ. ಕೆಲಸ ಒಂದೇ, ಆಡುವ ಮಾತೂ ಹೆಚ್ಚುಕಡಿಮೆ ಒಂದೇ. ಹೆಸರು ಮಾತ್ರ ಬೇರೆ ಬೇರೆ.

ಈ ಹೆಸರುಗಳು ಹಳೆಯವು. ಆದರೆ ಒಂದೊಂದು ಹೆಸರು ಒಂದೊಂದು ಸೀಮೆಗೆ ಅಂಟಿಕೊಂಡು ನೂರೈವತ್ತು ವರ್ಷ ಅಲ್ಲೇ ಕೂತಿತಲ್ಲ, ಅದಕ್ಕೆ ಯುದ್ಧಗಳು ಕಾರಣ. ಅದರಲ್ಲೂ ಮುಖ್ಯವಾಗಿ ಒಂದು ಯುದ್ಧ.

1799ರ ಮೇ 4ರಂದು ಈಸ್ಟ್ ಇಂಡಿಯಾ ಕಂಪನಿ ಮತ್ತು ಅದರ ಜೊತೆಗಿದ್ದ ಹೈದರಾಬಾದಿನ ನಿಜಾಮನ ಪಡೆಗಳ ಎದುರು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಇದು ಎಲ್ಲರಿಗೂ ಗೊತ್ತು. ಟಿಪ್ಪು ಬಗ್ಗೆ ನಾವು ಇವತ್ತಿಗೂ ಜಗಳ ಆಡ್ತೀವಿ. ಆದರೆ ಅವನು ಸತ್ತ ಮೇಲೆ ಏಳು ವಾರದಲ್ಲಿ ಏನಾಯಿತು ಅನ್ನೋದರ ಬಗ್ಗೆ ಮಾತು ಕಡಿಮೆ. ನನ್ನ ಕೇಳಿದರೆ ನಮ್ಮ ಬದುಕನ್ನು ಜಾಸ್ತಿ ತಿದ್ದಿದ್ದು ಆ ಏಳು ವಾರ.

ಹಾಗಂತ ಅದಕ್ಕೂ ಮೊದಲು ಕನ್ನಡದ ನಾಡು ಒಂದಾಗಿತ್ತು ಅಂತಲ್ಲ. 1565ರಲ್ಲಿ ವಿಜಯನಗರ ಸೋತ ಮೇಲೆ ಅದು ಹೇಗೂ ಚೂರಾಗಿತ್ತು. ಹುಬ್ಬಳ್ಳಿ, ಧಾರವಾಡದ ಮೇಲೆ ಮರಾಠರ ಹಿಡಿತ, ಕಲಬುರಗಿಯಲ್ಲಿ ನಿಜಾಮ. ಹೈದರನಾಗಲಿ, ಟಿಪ್ಪುವಾಗಲಿ, ಪೇಶ್ವೆಯಾಗಲಿ ಯಾರೂ ಭಾಷೆ ನೋಡಿ ಯುದ್ಧ ಮಾಡಲಿಲ್ಲ. ಆದರೆ ಆಗಿನ ಗಡಿ ಪ್ರತಿ ದಂಡಯಾತ್ರೆಗೂ ಹಿಂದೆ ಮುಂದೆ ಸರಿಯುತ್ತಿತ್ತು. 1799ರಿಂದ ಆಚೆಗೆ ಬಿದ್ದ ಗೆರೆಗಳು ಕಾಗದದ ಮೇಲೆ ಗಟ್ಟಿಯಾಗಿ ಕೂತವು.

ಒಂದು ಸುತ್ತಿನ ಪಾಲು 1792ರಲ್ಲೇ ಆಗಿತ್ತು. ಮೂರನೇ ಮೈಸೂರು ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಅದು ತೀರುವವರೆಗೆ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆ ಇಟ್ಟ. ಉಳಿದರ್ಧ ರಾಜ್ಯದ ಪಾಲು 1799ರದು.

ಪಾಲು ಮಾಡಲು ಒಂದು ಸಮಿತಿ ಕೂತಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಇಬ್ಬರು ತಮ್ಮಂದಿರು ಅದರಲ್ಲಿದ್ದರು. ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಅದರ ಕಾರ್ಯದರ್ಶಿಗಳಲ್ಲಿ ಒಬ್ಬ. ಜೂನ್ 22ರ ಒಪ್ಪಂದದ ಪಟ್ಟಿಯಲ್ಲಿ ಸೀಮೆಗಳ ಹೆಸರು, ಎದುರಿಗೆ ವರ್ಷಕ್ಕೆ ಬರುವ ಕಂದಾಯ ಎಷ್ಟು ವರಹ ಅನ್ನೋ ಲೆಕ್ಕ. ಅಣ್ಣತಮ್ಮಂದಿರು ತೋಟ ಗದ್ದೆ ಹಂಚಿಕೊಂಡ ಹಾಗೆ. ಅಲ್ಲಿನ ಜನ ಯಾವ ಮಾತು ಆಡ್ತಾರೆ ಅನ್ನೋ ಪ್ರಶ್ನೆ ಆಗ ಯಾರ ತಲೆಗೂ ಬಂದಿರಲಿಕ್ಕಿಲ್ಲ.

ಕಂಪನಿ ತನಗೆ ಬೇಕಾದ್ದನ್ನು ಮೊದಲು ಆರಿಸಿಕೊಂಡಿತು. ಇಡೀ ಕರಾವಳಿ ತೆಗೆದುಕೊಂಡಿತು. ಮೈಸೂರಿಗೆ ಸಮುದ್ರವೇ ಇಲ್ಲದಿದ್ದರೆ ಫ್ರೆಂಚರ ಹಡಗು ಎಲ್ಲಿಗೆ ಬರಬೇಕು? ಕೊಯಮತ್ತೂರು ತೆಗೆದುಕೊಂಡಿತು, ಅದರ ಜೊತೆ ಕೊಳ್ಳೇಗಾಲವೂ ಹೋಯಿತು. ಶ್ರೀರಂಗಪಟ್ಟಣದ ದ್ವೀಪವನ್ನೂ ಇಟ್ಟುಕೊಂಡಿತು. ನಿಜಾಮನಿಗೆ ಗುತ್ತಿ, ಗುರ್ರಂಕೊಂಡದ ಕಡೆಯ ಸೀಮೆ ಸಿಕ್ಕಿತು.

ಹಾಗಾದರೆ ಮೈಸೂರನ್ನು ಪೂರ್ತಿ ನುಂಗಲಿಲ್ಲ ಯಾಕೆ? ನುಂಗಿದರೆ ನಿಜಾಮನಿಗೂ ಸಮಪಾಲು ಕೊಡಬೇಕಿತ್ತು. ಅವನು ದಪ್ಪ ಆಗೋದು ಕಂಪನಿಗೆ ಬೇಕಿರಲಿಲ್ಲ. ಇತ್ತ ಮರಾಠರು ಸಿಟ್ಟಾಗುತ್ತಿದ್ದರು. ಅದಕ್ಕೇ ಮಧ್ಯದಲ್ಲಿ ಒಂದು ತುಂಡು ಉಳಿಸಿ, ಹಳೇ ಒಡೆಯರ ಮನೆತನದ ಹುಡುಗನನ್ನು ಕೂರಿಸಿದರು. ಜೂನ್ 30ರಂದು ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಐದು ತುಂಬಿರಲಿಲ್ಲ. ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ ಕಟ್ಟಬೇಕು ಅನ್ನೋದು ಷರತ್ತು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮೈಸೂರು ಸಂಸ್ಥಾನ ಈ ರೂಪಕ್ಕೆ ಬಂದಿದ್ದು ಇಂಥ ಲೆಕ್ಕಾಚಾರದಿಂದ.

ನಿಜಾಮ ಗೆದ್ದ ನೆಲವನ್ನು ಜಾಸ್ತಿ ದಿನ ಉಣ್ಣಲಿಲ್ಲ. ಅವನ ರಕ್ಷಣೆಗೆ ಅಂತ ಇಟ್ಟ ಕಂಪನಿ ಪಡೆಯ ಖರ್ಚಿಗಾಗಿ 1792 ಮತ್ತು 1799ರಲ್ಲಿ ಸಿಕ್ಕಿದ್ದನ್ನೆಲ್ಲ 1800ರಲ್ಲಿ ಕಂಪನಿಗೇ ಕೊಟ್ಟುಬಿಟ್ಟ. ಹಾಗೆ ಕೊಟ್ಟ ಸೀಮೆಗೆ ದತ್ತ ಮಂಡಲ ಅಂತ ಹೆಸರಾಯಿತು. ಬಳ್ಳಾರಿ ಮದ್ರಾಸಿಗೆ ಸೇರಿದ್ದು ಹೀಗೆ. ತುಂಗಭದ್ರೆ ಗಡಿಯಾಯಿತು. ಹಂಪಿಯ ದಡದಲ್ಲಿ ನಿಂತರೆ ಎದುರಿಗೆ ಆನೆಗೊಂದಿ ಕಾಣುತ್ತೆ, ಹರಿಗೋಲಲ್ಲಿ ದಾಟುವಷ್ಟು ದೂರ. ಎರಡೂ ವಿಜಯನಗರದ ಊರುಗಳೇ. ಆದರೆ ಸುಮಾರು ಒಂದೂವರೆ ಶತಮಾನ ಹಂಪಿ ಮದ್ರಾಸಿನದು, ಆನೆಗೊಂದಿ ಹೈದರಾಬಾದಿನದು. ಈ ದಡದ ಕಚೇರಿಯಲ್ಲಿ ಇಂಗ್ಲಿಷ್, ಆ ದಡದಲ್ಲಿ ಮೊದಲು ಪರ್ಷಿಯನ್, ಆಮೇಲೆ ಉರ್ದು.

1818ರಲ್ಲಿ ಮರಾಠರ ಪೇಶ್ವೆ ಕಂಪನಿಗೆ ಸೋತ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ನೆಲ ಕೊನೆಗೆ ಬೊಂಬಾಯಿ ಪ್ರಾಂತಕ್ಕೆ ಸೇರಿತು. ನಡುನಡುವೆ ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗ ಅಂತ ಸಣ್ಣ ಸಣ್ಣ ಸಂಸ್ಥಾನಗಳು ಉಳಿದವು. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿದಾಗ, ಘಟ್ಟದ ಕೆಳಗಿದ್ದ ಅವನ ಸುಳ್ಯದ ಸೀಮೆಯನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ನಗದು ತರಬೇಕಾಯಿತು. ಮೂರೇ ವರ್ಷಕ್ಕೆ ದಂಗೆ ಎದ್ದು, 1837ರ ಏಪ್ರಿಲ್‌ನಲ್ಲಿ ದಂಗೆಕೋರರು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು.

ಇದೆಲ್ಲ ಇಲ್ಲೇ ನಡೆದ ಜಗಳ. ಒಂದು ಗೆರೆ ಮಾತ್ರ ಏಳು ಸಮುದ್ರದ ಆಚೆಯಿಂದ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಒದ್ದಾಡಿದವು. ಧಾರವಾಡದ ಹತ್ತಿಗೆ ಬೇಡಿಕೆ ಬಂತು, ಆ ಹತ್ತಿ ಹಡಗು ಹತ್ತಲು ಕಾರವಾರದ ಬಂದರು ಬೇಕಾಯಿತು. ಹತ್ತಿ ಬೊಂಬಾಯಿ ಪ್ರಾಂತದ್ದು, ಬಂದರು ಮದ್ರಾಸಿನದು. ಸರಿ, 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ವರ್ಗ ಮಾಡಿದರು. ಕುಂದಾಪುರ ತಾಲ್ಲೂಕು ಮದ್ರಾಸಲ್ಲೇ ಉಳಿಯಿತು. ಭಟ್ಕಳ ಒಂದು ಪ್ರಾಂತ, ಬೈಂದೂರು ಇನ್ನೊಂದು! ಎರಡೂ ಕಡೆ ಅದೇ ಯಕ್ಷಗಾನ, ಅದೇ ಮೀನು.

ಬೆಂಗಳೂರಿಗೂ ಯುದ್ಧದ ಗಾಯವಿದೆ. ಶ್ರೀರಂಗಪಟ್ಟಣದಲ್ಲಿ ಕಂಪನಿಯ ಸೈನಿಕರು ಜ್ವರಕ್ಕೆ ಸಾಯತೊಡಗಿದರು. 1809ರಲ್ಲಿ ದಂಡನ್ನು ಹಲಸೂರಿನ ಬಯಲಿಗೆ ತಂದರು. ಅದೇ ಕಂಟೋನ್ಮೆಂಟ್, ಹಳಬರ ಬಾಯಲ್ಲಿ ದಂಡು. ಮದ್ರಾಸ್ ಸೇನೆಯ ಬೆನ್ನಿಗೆ ತಮಿಳು ಮಾತಾಡುವ ಕುಟುಂಬಗಳೂ ಬಂದವು. ಆ ಕಡೆ ದಂಡು, ಈ ಕಡೆ ಪೇಟೆ, ನಡುವೆ ಕಬ್ಬನ್ ಪಾರ್ಕು. 1881ರಲ್ಲಿ ಮೈಸೂರನ್ನು ರಾಜರಿಗೆ ಮರಳಿಸಿದಾಗಲೂ ದಂಡನ್ನು ಬ್ರಿಟಿಷರೇ ಇಟ್ಟುಕೊಂಡರು. ಅದು ಮೈಸೂರಿಗೆ ಬಂದಿದ್ದು 1947ರ ಜುಲೈನಲ್ಲಿ. ಎರಡು ಊರು ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಬೆಂಗಳೂರಲ್ಲಿ ಕನ್ನಡ ಯಾಕೆ ಕಡಿಮೆ ಅಂತ ಬೈಯುವ ಮೊದಲು ಈ ಇತಿಹಾಸ ಸ್ವಲ್ಪ ನೆನೆಸಿಕೊಳ್ಳಬೇಕು, ಅಲ್ವಾ?

ಗಡಿ ಬಿದ್ದ ಮೇಲೆ ಅದು ಶಾಲೆಯೊಳಗೂ ಬರುತ್ತೆ. ಮೈಸೂರಲ್ಲಿ ಕನ್ನಡಕ್ಕೆ ಅರಮನೆಯ ಆಸರೆ ಇತ್ತು. ಧಾರವಾಡದ ಕಡೆ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರು. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆ ತೆರೆಸಬೇಕಾಯಿತು. ಏಕೀಕರಣದ ಕೂಗು ಮೊದಲು ಜೋರಾಗಿ ಎದ್ದಿದ್ದು ಮೈಸೂರಲ್ಲಲ್ಲ, ಧಾರವಾಡದಲ್ಲಿ. ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಹೊಟ್ಟೆ ಹಸಿದವನೇ ಅಲ್ವಾ ಅನ್ನ ಕೇಳೋದು?

ಗಂಟು ಬಿಚ್ಚಲೂ ಒಮ್ಮೆ ಸೇನೆ ಬೇಕಾಯಿತು. ಸ್ವಾತಂತ್ರ್ಯ ಬಂದರೂ ನಿಜಾಮ ಭಾರತಕ್ಕೆ ಸೇರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಅವನು ಶರಣಾದ. ಬೀದರ್, ಕಲಬುರಗಿ, ರಾಯಚೂರು ಭಾರತದ ಒಳಗೆ ಬಂದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು. ಆದರೆ ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಉಳಿದವು ಕೂಡಿದವು. 1799ರಲ್ಲಿ ಹೋಗಿದ್ದ ಕೊಳ್ಳೇಗಾಲ 157 ವರ್ಷದ ಮೇಲೆ ಮನೆಗೆ ಬಂತು. 1799ರಲ್ಲೇ ಕರಾವಳಿಯ ಜೊತೆ ಹೋಗಿದ್ದ ಕಾಸರಗೋಡು ಬರಲಿಲ್ಲ, ಕೇರಳದ ಪಾಲಾಯಿತು.

ಪೇಶ್ವೆ ಬಿಟ್ಟುಹೋದ ಬೆಳಗಾವಿಯ ವ್ಯಾಜ್ಯ ಮಾತ್ರ ಮುಗಿದಿಲ್ಲ. ಗಡಿ ತಕರಾರು ನೋಡಲು ಕೂತ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನವೆಂಬರ್ 1 ಬಂದರೆ ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಹಳದಿ ಕೆಂಪು ಬಾವುಟ ಹಿಡಿದು ಹುಡುಗರು ಕುಣಿಯುತ್ತಾರೆ. ಅದೇ ದಿನ, ಅದೇ ಊರಲ್ಲಿ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರ ಇನ್ನೊಂದು ಮೆರವಣಿಗೆ ಕಪ್ಪು ಬಟ್ಟೆ ತೊಟ್ಟು ಹೊರಡುತ್ತದೆ.