ಮೊದ್ಲು ಒಪ್ಪಿಗೆ, ನಂಬಿಕೆ ಆಮೇಲೆ: 12 ಸ್ಟೆಪ್ ಓದ್ತಾ ಬರ್ಕೊಂಡಿದ್ದು

ಕುಡಿತ ಬಿಡೋಕೆ ಒಬ್ರಿಗೊಬ್ರು ನೆರವಾಗೋ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್‌ (ಎಎ), ಅದು ಹೇಳೋ 12 ಸ್ಟೆಪ್ ಓದೋಕೆ ಕೂತವ್ರು ಜಾಸ್ತಿ ತಡವರಿಸೋದು 2ನೇದ್ರಲ್ಲೇ. ನಮಗಿಂತ ದೊಡ್ಡ ಶಕ್ತಿ ನಮ್ಮನ್ನ ಸರಿದಾರಿಗೆ ತರಬಲ್ಲದು ಅನ್ನೋ ನಂಬಿಕೆಯ ವಿಷ್ಯ ಅದು. ದೇವ್ರನ್ನ ನಂಬದವ್ರು ಅಲ್ಲಿಗೇ ಪುಸ್ತಕ ಮುಚ್ಚಿಡ್ತಾರೆ, ನಂಬೋರು ನನಗಿದು ಆಗ್ಲೇ ಇದೆ ಅಂತ ಮುಂದಕ್ಕೆ ಓಡ್ತಾರೆ, ಇಬ್ರೂ ಕ್ರಿಯಾಪದ ನೋಡೋದೇ ಇಲ್ಲ. ನಂಬಿದ್ವಿ ಅಂತ ಅಲ್ಲ ಅಲ್ಲಿರೋದು, ನಂಬೋ ಹಂತಕ್ಕೆ ಬಂದ್ವಿ ಅಂತ. ಬರೋಕೆ ಟೈಮ್ ಬೇಕಲ್ವಾ.

ಎಎ ಶುರು ಮಾಡಿದ ಇಬ್ರಲ್ಲಿ ಒಬ್ಬನಾದ ಬಿಲ್ ವಿಲ್ಸನ್ ಕಥೆನೂ ಹಾಗೇ. 1934ರ ಕೊನೇಲಿ ಕುಡಿತ ಬಿಟ್ಟಿದ್ದ ಹಳೇ ಗೆಳೆಯ ಎಬಿ ಥ್ಯಾಚರ್ ಮನೆಗೆ ಬಂದ, ಬಿಲ್‌ಗೆ ದೇವ್ರು ಅನ್ನೋ ಮಾತೇ ಆಗ್ತಿರಲಿಲ್ಲ, ಆಗ ಎಬಿ ನಿನಗೆ ಹೊಂದೋ ದೇವ್ರ ಕಲ್ಪನೆ ನೀನೇ ಇಟ್ಕೋ ಅಂದ. ನಂಬೋಕೆ ಮನಸ್ಸು ತೆರೆದಿದ್ರೆ ಸಾಕು ಅಂತ ಬಿಲ್‌ಗೆ ಹೊಳೆದಿದ್ದು ಆಗ. 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಜೊತೆ ಸೇರಿ ಬಿಲ್ ಎಎ ಶುರು ಮಾಡಿದ. 1939ರಲ್ಲಿ ಇವ್ರ ಪುಸ್ತಕ ಬಂದಾಗ ಓದಿದವ್ರು ಎಲ್ರಿಗೂ ಮಿಂಚು ಹೊಡೆದಂಗೆ ಅನುಭವ ಆಗ್ಬೇಕೇನೋ ಅನ್ಕೊಂಡ್ರು, ಅದಕ್ಕೆ 1941ರ ಎರಡನೇ ಮುದ್ರಣದಲ್ಲಿ ಒಂದು ಅನುಬಂಧ ಸೇರಿಸಿ ಹೆಚ್ಚಿನವ್ರಲ್ಲಿ ಬದಲಾವಣೆ ನಿಧಾನಕ್ಕೇ ಆಗೋದು ಅಂತ ಸ್ಪಷ್ಟ ಮಾಡಿದ್ರು. ನನಗಂತೂ ಇದನ್ನ ಓದಿ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ.

ಈಗ ಬಿಲ್‌ಗೆ ಹೊಳೆದ ಆ ತೆರೆದ ಮನಸ್ಸಿನ ವಿಷ್ಯ, ಇಂಗ್ಲಿಷ್‌ನಲ್ಲಿ ವಿಲ್ಲಿಂಗ್‌ನೆಸ್ ಅಂತಾರೆ. ಇದನ್ನ ಇಚ್ಛೆ ಅಂತ ಬರ್ಕೋಬೇಡಿ. ಕುಡಿತ ಬಿಡೋ ಇಚ್ಛೆ ಯಾರಿಗಿಲ್ಲ ಹೇಳಿ? ಛಲನೂ ಅಲ್ಲ, ಛಲ ಅಂದ್ರೆ ನಾನೇ ಮಾಡಿ ತೋರಿಸ್ತೀನಿ ಅನ್ನೋದು, ಇದು ನನ್ನ ಕೈಲಿ ಆಗ್ತಿಲ್ಲ, ಹೇಳಿಕೊಡಿ, ಮಾಡ್ತೀನಿ ಅನ್ನೋದು. ಒಪ್ಪಿಗೆ ಅಂದ್ರೆ ಹತ್ರ ಬರುತ್ತೆ. ಮೀಟಿಂಗ್‌ಗೆ ಹೋಗು ಅಂದ್ರೆ ಹೋಗೋದು, ಕುಡೀಬೇಕು ಅನ್ನಿಸಿದ ರಾತ್ರಿ ಸ್ಪಾನ್ಸರ್‌ಗೆ, ಅಂದ್ರೆ ಎಎಯಲ್ಲಿ ನಮಗೆ ದಾರಿ ತೋರಿಸೋ ಹಳೇ ಸದಸ್ಯರಿಗೆ, ಫೋನ್ ಮಾಡೋದು. ಡಾಕ್ಟರ್ ಹತ್ರ ಹೋಗೋದೂ ಇದ್ರಲ್ಲೇ ಬಂತು, ಯಾಕಂದ್ರೆ ವರ್ಷಗಟ್ಟಲೆ ವಿಪರೀತ ಕುಡಿದವ್ರು ಒಮ್ಮೆಗೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ, ಪ್ರಾರ್ಥನೆ ಮಾಡ್ತಿದೀನಿ ಅಂತ ಡಾಕ್ಟರ್ ಹತ್ರ ಹೋಗೋದನ್ನ ಬಿಡೋ ಹಾಗಿಲ್ಲ. ಹೀಗೆ ಒಂದು ದಿನ ಕುಡೀದೆ ಕಳೀತು ಅಂದ್ರೆ ನಾಳೆ ನಂಬೋಕೆ ಕೈಯಲ್ಲಿ ಏನೋ ಒಂದಿರುತ್ತೆ.

ಇನ್ನೊಂದು ಗಮನಿಸಿ, 6 ಮತ್ತು 8ನೇ ಸ್ಟೆಪ್. 6ರಲ್ಲಿ ನಮ್ಮ ದೋಷ ಹೋಗ್ಲಿ ಅಂತ ತಯಾರಾಗೋದು, ಬೇಡ್ಕೊಳ್ಳೋದು 7ರಲ್ಲಿ. 8ರಲ್ಲಿ ನಾವು ನೋಯಿಸಿದವ್ರ ಪಟ್ಟಿ ಬರೆದು ಸರಿಪಡಿಸೋಕೆ ಮನಸ್ಸು ಮಾಡೋದು, ಅವ್ರ ಹತ್ರ ಹೋಗೋದು 9ರಲ್ಲಿ, ಅದೂ ಹೋದ್ರೆ ಅವ್ರಿಗೋ ಬೇರೆಯವ್ರಿಗೋ ಮತ್ತೆ ನೋವಾಗಲ್ಲ ಅಂದ್ರೆ ಮಾತ್ರ. ಅಂದ್ರೆ ಮನಸ್ಸು ಹದಕ್ಕೆ ಬರೋದನ್ನೇ ಬೇರೆ ಕೆಲಸ ಅಂತ ಎಣಿಸಿದಾರೆ. ಯಾರದೋ ಒಂದು ಹೆಸರು ಬರೆಯೋಕೆ ಕೈಯೇ ಏಳ್ತಿಲ್ವಾ? ಅದಕ್ಕೂ ಪುಸ್ತಕದಲ್ಲಿ ದಾರಿ ಇದೆ, ಆ ಮನಸ್ಸು ಬರೋವರೆಗೂ ಆ ಮನಸ್ಸು ಕೊಡು ಅಂತಾನೇ ಬೇಡ್ಕೊಳ್ತಾ ಇರೋದು.