ಗಣಿತ ಬೇಡವೆಂದು ಜೀವಶಾಸ್ತ್ರ ಆರಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಪಿಸಿಎಂಬಿ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಗಣಿತವೆಂದರೆ ಮೊದಲಿನಿಂದಲೂ ಹೆದರಿಕೆ. ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ತೆಗೆದುಕೊಂಡರೆ ಲೆಕ್ಕದ ಗೊಡವೆಯಿಲ್ಲದೆ ಪದವಿ ಮುಗಿಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಈ ಮೂರು ವಿಷಯ ಆಯ್ದುಕೊಂಡರೆ ಗಣಿತದ ಪತ್ರಿಕೆಯನ್ನು ಬರೆಯಬೇಕಾಗುವುದಿಲ್ಲ ನಿಜ, ಆದರೆ ಲೆಕ್ಕ ನಿಮ್ಮನ್ನು ಬಿಡುವುದಿಲ್ಲ.

ತಳಿಶಾಸ್ತ್ರದ ಪಾಠವನ್ನೇ ನೋಡಿ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗಗಳಲ್ಲೊಂದರ ಎರಡನೆಯ ಪೀಳಿಗೆಯಲ್ಲಿ 5474 ದುಂಡನೆಯ ಬೀಜಗಳೂ 1850 ಸುಕ್ಕುಗಟ್ಟಿದ ಬೀಜಗಳೂ ಸಿಕ್ಕಿದ್ದವು. ಅನುಪಾತ 3:1 ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದರೆ ಸಾಕಿತ್ತು. ಪದವಿಯಲ್ಲಿ, ನಿರೀಕ್ಷಿತ ಸಂಖ್ಯೆಗಳಾದ 5493 ಮತ್ತು 1831ರಿಂದ ಆದ 19ರ ವ್ಯತ್ಯಾಸ ಬರೀ ಆಕಸ್ಮಿಕವೇ, ಅಲ್ಲವೇ ಎಂಬುದನ್ನು ಕೈ-ವರ್ಗ (chi-square) ಪರೀಕ್ಷೆಯಿಂದ ತೋರಿಸಬೇಕಾಗುತ್ತದೆ. ಉತ್ತರ ಸುಮಾರು 0.26 ಬರುತ್ತದೆ. ಕೋಷ್ಟಕದಲ್ಲಿರುವ ಮಿತಿ 3.84; ಉತ್ತರ ಅದಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸ ಆಕಸ್ಮಿಕವೆನ್ನಬಹುದು. ಆದ್ದರಿಂದ ಮೆಂಡೆಲರ ಊಹೆಯನ್ನು ತಳ್ಳಿಹಾಕಲು ಕಾರಣವಿಲ್ಲ. ಇದಕ್ಕೆ ಬೇಕಾದದ್ದು ಕಳೆಯುವುದು, ವರ್ಗ ಮಾಡುವುದು, ಭಾಗಿಸುವುದು, ಕೂಡಿಸುವುದು; ಇಷ್ಟೇ.

ಪ್ರಯೋಗಾಲಯದ ಲೆಕ್ಕ ಇನ್ನೂ ಸರಳ, ಆದರೆ ಅಲ್ಲೇ ಹೆಚ್ಚು ಮಂದಿ ಎಡವುವುದು. ಶೇ 95ರ ಆಲ್ಕೋಹಾಲಿನಿಂದ ಶೇ 70ರದ್ದನ್ನು 100 ಮಿ.ಲೀ. ತಯಾರಿಸಲು ಹೇಳಿದರೆ, 70 ಮಿ.ಲೀ. ಅಳೆದು ನೀರು ಸೇರಿಸುವವರಿದ್ದಾರೆ. ತೆಗೆದುಕೊಳ್ಳಬೇಕಾದದ್ದು ಸುಮಾರು 73.7 ಮಿ.ಲೀ. ಕ್ಷೇತ್ರಕಾರ್ಯದಲ್ಲೂ ಹಾಗೆಯೇ. ಕೋಡಿಬೇಂಗ್ರೆಯ ಬಳಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಅಧ್ಯಯನ ಮಾಡುವಾಗ ಪ್ರಭೇದಗಳ ಹೆಸರು ಬರೆದರೆ ಸಾಲದು. ಹಗ್ಗದಿಂದ 10 ಮೀಟರ್ ಚೌಕ ಗುರುತಿಸಿ, ಒಳಗಿನ ಗಿಡಗಳನ್ನು ಎಣಿಸಿ, ಸಾಂದ್ರತೆ ಕಂಡುಹಿಡಿಯಬೇಕು. ಕೆಸರಿನಲ್ಲಿ ನಿಂತು ಎಣಿಸುವಾಗ ಗಣಿತದ ಹೆದರಿಕೆ ನೆನಪಾಗುವುದು ಕಡಿಮೆ ಎಂಬುದು ಬೇರೆ ಮಾತು.

ಶೇಕಡಾವಾರು, ಅನುಪಾತ, ಸರಾಸರಿ, ಪಿಎಚ್‌ಗಾಗಿ ಒಂದಿಷ್ಟು ಲಾಗರಿದಮ್, ಜೊತೆಗೆ ಪ್ರಾಥಮಿಕ ಸಂಖ್ಯಾಶಾಸ್ತ್ರ ಗೊತ್ತಿದ್ದರೆ ಪದವಿಯ ಮಟ್ಟಿಗೆ ಸಾಕು. ಕಲನಶಾಸ್ತ್ರದ ಭಯದಿಂದ ಇಷ್ಟದ ವಿಷಯವನ್ನು ಬಿಡಬೇಕಾಗಿಲ್ಲವೆಂದೇ ನನ್ನ ಅಭಿಪ್ರಾಯ. ಮುಂದೆ ಐಐಟಿಯಂಥ ಕಡೆ ಎಂ.ಎಸ್ಸಿ. ಮಾಡುವ ಆಸೆಯಿದ್ದರೆ ಮಾತ್ರ ಒಂದು ಎಚ್ಚರಿಕೆ: ಜ್ಯಾಮ್ ಪ್ರವೇಶ ಪರೀಕ್ಷೆಯ ಜೈವಿಕ ತಂತ್ರಜ್ಞಾನ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತದ ಪ್ರಶ್ನೆಗಳೂ ಇರುತ್ತವೆ. ನಿಮ್ಮ ಗಣಿತ ಪುಸ್ತಕಗಳನ್ನು ಈಗಲೇ ಯಾರಿಗೂ ಕೊಟ್ಟುಬಿಡಬೇಡಿ.