ಹಾಲಿನ ಕವರ್ ಬಚ್ಚಲೊಲೆಗೆ ಹಾಕಿದರೆ ಸಾಲದೇ?

ಪ್ರಶ್ನೆ: ಪಂಚಾಯಿತಿಯ ಕಸದ ಘಟಕ ನಮ್ಮ ಮನೆಯಿಂದ ದೂರ. ಹಾಲಿನ ಕವರ್, ತಿಂಡಿ ಪ್ಯಾಕೆಟ್ ಬಚ್ಚಲೊಲೆಗೆ ಹಾಕಿದರೆ ಸುಟ್ಟು ಹೋಗುತ್ತದಲ್ವಾ? ಯಾಕೆ ಅಷ್ಟು ದೂರ ಹೊರಬೇಕು?

ಉತ್ತರ: ಮಳೆಗಾಲ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಸರಿ, ಮತ್ತೆ ಹೇಳುತ್ತೇನೆ: ಸುಟ್ಟು ಹೋಗುವುದಿಲ್ಲ. ಬೂದಿ ತೆಗೆಯುವಾಗ ಕೋಲಿಗೆ ಅಂಟುವ ಕರಿ ಉಂಡೆ ಸಿಗುತ್ತದಲ್ಲ, ಅದೇ ನಿಮ್ಮ ಪ್ಲಾಸ್ಟಿಕ್.

ಒಲೆಗೆ ಹಾಲಿನ ಕವರ್ ಒಂದೇ ಬೀಳುತ್ತದೆಯೇ? ವಯರಿನ ತುಂಡು, ಪಿವಿಸಿ ಪೈಪಿನ ಚೂರು, ಹರಿದ ಚಪ್ಪಲಿ ಎಲ್ಲವೂ ಹೋಗುತ್ತವೆ. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಅದು ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಸ್ವಲ್ಪ ಹೊಗೆಗೆ, ಸ್ವಲ್ಪ ಬೂದಿಗೆ. ಆ ಬೂದಿ ಬಸಳೆ ಬುಡಕ್ಕೆ, ತೆಂಗಿನ ಕಟ್ಟೆಗೆ ಹೋಗುತ್ತದೆ. ಅಲ್ಲೇ ಕೋಳಿ ಕೆದಕುತ್ತದೆ. ಡಯಾಕ್ಸಿನ್ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿಂದ ಮೊಟ್ಟೆಗೂ ಬರುತ್ತದೆ.

‘ಸಿಮೆಂಟ್ ಫ್ಯಾಕ್ಟರಿಯವರೂ ಪ್ಲಾಸ್ಟಿಕ್ ಸುಡುತ್ತಾರಲ್ಲ?’ ಎನ್ನುವವರಿದ್ದಾರೆ. ಹೌದು, ಮರುಬಳಕೆಗೆ ಬಾರದ ಪ್ಯಾಕೆಟ್‌ಗಳು ಅಲ್ಲಿಗೆ ಹೋಗುತ್ತವೆ. ಆದರೆ ಆ ಗೂಡಿನ ಬಿಸಿ 1,400 ಡಿಗ್ರಿಗೂ ಜಾಸ್ತಿ. ಡಯಾಕ್ಸಿನ್ ಒಡೆಯಬೇಕಾದರೆ ಹೊಗೆ 850 ಡಿಗ್ರಿ ಮೇಲಿನ ಬಿಸಿಯಲ್ಲಿ 2 ಸೆಕೆಂಡಾದರೂ ಇರಬೇಕು. ಹಸಿ ಸೌದೆ, ಸೋಗೆ ಹಾಕಿದ ನಮ್ಮ ಒಲೆಯ ಹೊಗೆ ಹಂಡೆಯ ತಳ ಮುಟ್ಟುವಷ್ಟರಲ್ಲೇ ತಣಿಯುತ್ತದೆ.

ಇನ್ನು ದೂರದ ಮಾತು. ದಿನಾ ಹೋಗಿ ಎಂದು ಯಾರೂ ಹೇಳಿಲ್ಲ. ಕವರ್ ಜಾಲಿಸಿ, ಹಗ್ಗದ ಮೇಲೆ ಒಣಗಿಸಿ, ಗೋಣಿಚೀಲಕ್ಕೆ ಹಾಕಿಡಿ. ಒಣಗಿದ್ದು ನಾರುವುದಿಲ್ಲ. ಚೀಲ ತುಂಬಿದಾಗ ರೇಷನ್ ತರಲು ಹೋಗುವ ದಿನ ಕೊಟ್ಟರಾಯಿತು. ಎಷ್ಟೋ ಕಡೆ ಅದನ್ನು ಕೈಯಲ್ಲಿ ವಿಂಗಡಿಸುವವರು ಊರಿನ ಸ್ವಸಹಾಯ ಸಂಘದ ಅಕ್ಕಂದಿರು. ಹುಳಿ ಹಾಲಿನ ವಾಸನೆ ಅವರ ಮುಖಕ್ಕೆ ಹೊಡೆಯಬಾರದು, ಅಲ್ವಾ? ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸಬಲ್ಲ ಘಟಕವೇ ಇದೆ. ಸುತ್ತಲಿನ ಪಂಚಾಯಿತಿಗಳ ಕಸ ಅಲ್ಲಿಗೆ ಹೋಗುತ್ತದೆ. ಹಳ್ಳಿಯಲ್ಲಿ ಇದೆಲ್ಲ ನಡೆಯದು ಎನ್ನುವವರು ಒಮ್ಮೆ ನೋಡಿ ಬರಲಿ.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಉಗುರಿನಷ್ಟಿರುವ ಆ ಚೂರು ಯಾವ ಚೀಲಕ್ಕೂ ಸೇರುವುದಿಲ್ಲ, ಪಾತ್ರೆ ತೊಳೆದ ನೀರಿನ ಜೊತೆ ತೋಟಕ್ಕೆ ಹೋಗುತ್ತದೆ. ಸಣ್ಣಗೆ ಸೀಳಿ, ಮೂಲೆ ಕವರಿಗೇ ಅಂಟಿಕೊಂಡಿರಲಿ. ತರಕಾರಿ ಸಿಪ್ಪೆಯನ್ನು ಪಕ್ಕದ ಮನೆ ದನಕ್ಕೆ ಹಾಕುವವರಂತೂ ಆ ಚೂರು ಸಿಪ್ಪೆಯ ಬುಟ್ಟಿಗೆ ಬೀಳದಂತೆ ನೋಡಿಕೊಳ್ಳಿ.